ಹೆಗಲಿಗೋ, ಸೊಂಟಕ್ಕೋ?

ಶಿವರಾತ್ರಿ ಹತ್ತಿರವಾದಾಗ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕ ಸ್ವಲ್ಪ ಹೊತ್ತು ನಿಲ್ಲಿ. ಭಾರ ಹೊರಲು ಮನುಷ್ಯ ಕಂಡುಕೊಂಡ ಉಪಾಯಗಳೆಲ್ಲ ಒಂದರ ಹಿಂದೊಂದು ನಡೆದು ಬರುತ್ತವೆ. ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ಹೊರಟ ಪರಸೆಯಲ್ಲಿ ತಲೆಗೆ ಸಿಂಬೆ ಇಟ್ಟು ಗಂಟು ಹೊತ್ತ ಅಜ್ಜಿ ಇರುತ್ತಾಳೆ, ಬಗಲಿಗೆ ಜೋಳಿಗೆ ಹಾಕಿದ ದೇವರಗುಡ್ಡ ಇರುತ್ತಾನೆ. ಮಗನ ಹಳೇ ಸ್ಕೂಲ್ ಬ್ಯಾಗನ್ನು ಬೆನ್ನಿಗೇರಿಸಿದ ಅಪ್ಪ, ಜಾಹೀರಾತಿಗೆ ಹಂಚಿದ ಹಗ್ಗದ ಚೀಲ ಹಾಕಿಕೊಂಡ ಹುಡುಗ, ಊರಿನಿಂದ ದೊಡ್ಡ ಟ್ರೆಕ್ಕಿಂಗ್ ಬ್ಯಾಗ್ ತಂದ ಇಂಜಿನಿಯರ್, ಎಲ್ಲರೂ ಒಂದೇ ಸಾಲು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟ ಮುಟ್ಟುವ ಹೊತ್ತಿಗೆ ಯಾರು ಹೆಗಲು ಉಜ್ಜಿಕೊಳ್ಳುತ್ತಾರೆ, ಯಾರು ಉಜ್ಜಿಕೊಳ್ಳುವುದಿಲ್ಲ ಎಂಬುದನ್ನು ಚೀಲದ ಬೆಲೆ ನಿರ್ಧರಿಸುವುದಿಲ್ಲ. ಭಾರ ದೇಹದ ಯಾವ ಭಾಗದ ಮೇಲೆ, ಎಷ್ಟು ಅಗಲದ ಜಾಗದಲ್ಲಿ ಕೂತಿದೆ ಎಂಬುದು ನಿರ್ಧರಿಸುತ್ತದೆ. ಕಡಿಮೆ ಖರ್ಚಿನಲ್ಲಿ ತಿರುಗುವವರಿಗೆ ಈ ವಿಜ್ಞಾನ ತಿಳಿದಿರಲೇಬೇಕು, ಏಕೆಂದರೆ ಅವರ ಪಾಲಿಗೆ ಟ್ಯಾಕ್ಸಿಯ ಡಿಕ್ಕಿಯೂ ಇಲ್ಲ, ಲಾಡ್ಜಿನ ರೂಮ್ ಬಾಯ್ ಕೂಡ ಇಲ್ಲ. ಸಾಮಾನೆಲ್ಲ ಅವರ ಮೈಮೇಲೆಯೇ.

ಮೊದಲು ಶಕ್ತಿಯ ಲೆಕ್ಕ ನೋಡೋಣ. ಸಮತಟ್ಟು ದಾರಿಯಲ್ಲಿ ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರ್ ಹೊತ್ತು ನಡೆಯಲು ದೇಹಕ್ಕೆ ಸುಮಾರು ಅರ್ಧ ಕಿಲೋಕ್ಯಾಲೊರಿ ಹೆಚ್ಚುವರಿ ಖರ್ಚು ಬರುತ್ತದೆ. 8 ಕಿಲೋ ಚೀಲ, 80 ಕಿಲೋಮೀಟರ್ ದಾರಿ: ಒಟ್ಟು 320 ಕಿಲೋಕ್ಯಾಲೊರಿ. ಏರಿನದು ಬೇರೆ. 8 ಕಿಲೋವನ್ನು 500 ಮೀಟರ್ ಮೇಲೆತ್ತಲು ಬೇಕಾಗುವ ಕೆಲಸ 39 ಕಿಲೋಜೂಲ್. ನಮ್ಮ ಸ್ನಾಯುಗಳು ಉಂಡ ಅನ್ನದ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದರಿಂದ, ದೇಹ ಅದಕ್ಕಾಗಿ ಸುಮಾರು 37 ಕಿಲೋಕ್ಯಾಲೊರಿ ಸುಡುತ್ತದೆ. ಎರಡನ್ನೂ ಕೂಡಿಸಿದರೆ 357. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿರುವ ಶಕ್ತಿ ಇದಕ್ಕಿಂತ ತುಸುವೇ ಕಡಿಮೆ. ಅಂದರೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದವರೆಗೆ ಚೀಲ ಹೊರುವ ಶ್ರಮವೆಲ್ಲ ಸೇರಿ ಒಂದು ದೊಡ್ಡ ಮುದ್ದೆಯಷ್ಟು!

ಹಾಗಾದರೆ ನಮ್ಮನ್ನು ಹಣ್ಣು ಮಾಡುವುದು ಯಾವುದು?

ಒತ್ತಡ. ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವ ಸಂಖ್ಯೆ. 8 ಕಿಲೋ ಚೀಲ ಸುಮಾರು 80 ನ್ಯೂಟನ್ ಬಲದಿಂದ ಕೆಳಗೆ ಜಗ್ಗುತ್ತದೆ; ಎರಡು ಹೆಗಲಿಗೆ ಹಂಚಿದರೆ ತಲಾ 40. ಪಟ್ಟಿ ಹೆಗಲಿನ ಮೇಲೆ 15 ಸೆಂಟಿಮೀಟರ್ ಉದ್ದಕ್ಕೆ ತಾಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ದಪ್ಪದ ಹಗ್ಗವಾದರೆ ಅಲ್ಲಿನ ಒತ್ತಡ, ಡಾಕ್ಟರು ಬಿಪಿ ಅಳೆಯುವ ಮಾನದಲ್ಲಿ, ಸುಮಾರು 200 ಮಿಲಿಮೀಟರ್ ಪಾದರಸ. ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿಗೆ 50. ಏಳು ಸೆಂಟಿಮೀಟರಿನ ಮೆತ್ತನೆ ಪಟ್ಟಿಗೆ 28ರ ಆಸುಪಾಸು. ಚರ್ಮದಡಿಯ ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತವನ್ನು ದೂಡುವ ಒತ್ತಡ ಸುಮಾರು 32 ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಹೊರಗಿನ ಅದುಮು ಅದಕ್ಕಿಂತ ಹೆಚ್ಚಾದರೆ ಅಲ್ಲಿ ರಕ್ತದ ಓಡಾಟ ಕುಂಠಿತವಾಗುತ್ತದೆ. ಮೊದಲು ಉರಿ, ಆಮೇಲೆ ಜೋಮು. ಇದು ಸರಳಗೊಳಿಸಿದ ಲೆಕ್ಕ. ನಿಜವಾದ ಹೆಗಲು ಉಬ್ಬುತಗ್ಗಿನದು, ಮೂಳೆ ಎದ್ದಿರುವ ಕಡೆ ಒತ್ತಡ ಇನ್ನೂ ಹೆಚ್ಚು. ಆದರೂ ಹಗ್ಗದ ಚೀಲದ ಹುಡುಗ ಕಾಮಗೆರೆ ಬರುವುದರೊಳಗೆ ಚೀಲವನ್ನು ಕೈಗೆ ತೆಗೆದುಕೊಳ್ಳುವುದೇಕೆ ಎಂದು ತಿಳಿಯಲು ಇಷ್ಟು ಸಾಕು.

ಇನ್ನೊಂದು ಅಪಾಯವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಗೊಂಚಲು ಹೆಗಲ ಪಟ್ಟಿಯ ಕೆಳಗೇ ಹಾದುಹೋಗುತ್ತದೆ. ಭಾರದ ಚೀಲ ಹೊತ್ತು ದಿನಗಟ್ಟಲೆ ನಡೆಯುವ ಸೈನಿಕರಲ್ಲಿ ಈ ನರಗಳು ಅದುಮಿಹೋಗಿ ತೋಳು ಮರಗಟ್ಟಿದ, ಕೈ ಎತ್ತಲಾಗದಂತಾದ ಪ್ರಸಂಗಗಳನ್ನು ಸೇನಾ ವೈದ್ಯರು ದಾಖಲಿಸಿದ್ದಾರೆ. ಸೊಂಟದ ಪಟ್ಟಿ ಇರುವ ಚೀಲ ಹೊತ್ತವರಲ್ಲಿ ಈ ತೊಂದರೆ ಕಡಿಮೆ. ಬೆರಳ ತುದಿ ಜುಮ್ಮೆಂದರೆ ಹರಕೆಯ ನಡಿಗೆ ಎಂದು ಸಹಿಸಿಕೊಳ್ಳಬೇಡಿ. ಚೀಲ ಇಳಿಸಿ ಕೂರಿ.

ಸೊಂಟದ ಪಟ್ಟಿಯ ಮಾತಿಗೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಬೆನ್ನುಚೀಲದ ಪ್ರಾಣ ಅಲ್ಲಿದೆ. ನೀರಿನ ಕೊಡವನ್ನು ಸೊಂಟಕ್ಕಿಟ್ಟು, ಕೈಯಿಂದ ಬಳಸಿ ಹಿಡಿದು ಬರುವ ಹೆಣ್ಣುಮಗಳು ಎಲ್ಲ ಹಳ್ಳಿಗಳಲ್ಲೂ ಇದ್ದಾಳೆ. ಕೊಡ ಕೂತಿರುವುದು ಸೊಂಟದ ಮೂಳೆಯ ಅಂಚಿನ ಮೇಲೆ. ಆ ಮೂಳೆಯಿಂದ ತೂಕ ನೇರವಾಗಿ ತೊಡೆಯ ಮೂಳೆಗೆ, ಅಲ್ಲಿಂದ ಪಾದಕ್ಕೆ ಇಳಿಯುತ್ತದೆ. ದೇಹದ ಅತ್ಯಂತ ಬಲಿಷ್ಠ ಸ್ನಾಯುಗಳಿರುವುದೂ ಅಲ್ಲೇ. ಹೆಗಲಿನ ಮೇಲೆ ಇಟ್ಟ ಭಾರಕ್ಕೆ ಈ ಸೌಕರ್ಯವಿಲ್ಲ. ಅದು ಕುತ್ತಿಗೆಯ ಸ್ನಾಯುಗಳನ್ನು ಜಗ್ಗಿ, ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಅದುಮಿಕೊಂಡೇ ಸೊಂಟಕ್ಕೆ ಇಳಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟು, ನೈಲಾನ್ ಚೀಲ, ಸೊಂಟದ ಪಟ್ಟಿ ಮೂರನ್ನೂ ಸೇರಿಸಿ ಬೆನ್ನುಚೀಲ ಮಾರಲು ಶುರುಮಾಡಿದರು. ಅದಕ್ಕೆ ಮುಂಚೆ ಅವರು ತಮ್ಮ ಗೆಳೆಯನೊಡನೆ ಬೆಟ್ಟ ಹತ್ತುವಾಗ, ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿಕೊಂಡಾಗ ಹೆಗಲು ಹಗುರವಾದದ್ದನ್ನು ಗಮನಿಸಿದ್ದರು. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಚೀಲಗಳೆಲ್ಲ ಆ ಜೇಬಿನ ಅನುಭವದ ಸಂತಾನ.

ಪಟ್ಟಿ ಎಂದರೆ ಎಂಥ ಪಟ್ಟಿ? ಎರಡು ಬೆರಳಗಲದ ಬರೀ ಲಾಡಿಯಂಥ ಪಟ್ಟಿ ಚೀಲ ಅಲ್ಲಾಡದಂತೆ ತಡೆಯಬಹುದು, ತೂಕ ಹೊರುವುದಿಲ್ಲ. ಸೊಂಟದ ಮೂಳೆಯನ್ನು ಎರಡೂ ಕಡೆ ತಬ್ಬುವಷ್ಟು ಅಗಲ ಬೇಕು, ಒಳಗೆ ಮೆತ್ತೆ ಬೇಕು, ಆ ಮೆತ್ತೆ ಹಿಂಡಿದರೆ ಹಿಟ್ಟಿನಂತೆ ಅಮರಿಹೋಗದೆ ಎದ್ದು ನಿಲ್ಲಬೇಕು. ಜೊತೆಗೆ ಬೆನ್ನಿನ ಕಡೆ ಗಟ್ಟಿ ಹಲಗೆಯೋ ಅಲ್ಯೂಮಿನಿಯಂ ಸಲಾಕೆಯೋ ಇರಬೇಕು. ಅದಿಲ್ಲದ ಮೆತ್ತನೆ ಚೀಲ ನಡುವೆ ಕುಸಿದು, ತೂಕವನ್ನು ಮತ್ತೆ ಹೆಗಲಿಗೇ ಒಪ್ಪಿಸುತ್ತದೆ.

ಈ ಪಟ್ಟಿ ಸರಿಯಾದ ಜಾಗಕ್ಕೆ ಬರಬೇಕಾದರೆ ಚೀಲದ ಬೆನ್ನಿನ ಉದ್ದ ನಿಮ್ಮ ಬೆನ್ನಿನ ಉದ್ದಕ್ಕೆ ಹೊಂದಬೇಕು. ನಿಮ್ಮ ಎತ್ತರಕ್ಕಲ್ಲ. ಆರಡಿ ಆಳಿಗೆ ಕಾಲು ಉದ್ದ, ಬೆನ್ನು ಗಿಡ್ಡ ಇರಬಹುದು. ಐದಡಿಯ ಹೆಂಗಸಿಗೆ ಅವನಷ್ಟೇ ಉದ್ದದ ಬೆನ್ನು ಇರಬಹುದು. ಮನೆಯಲ್ಲೇ ಅಳೆದುಕೊಳ್ಳಿ. ತಲೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಗುಬ್ಬಿಯಂತೆ ಎದ್ದು ಬರುತ್ತದೆ. ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿಗೆ ಇಟ್ಟರೆ ಹೆಬ್ಬೆರಳುಗಳು ಬೆನ್ನ ಹಿಂದೆ ಒಂದು ಗೆರೆಯನ್ನು ತೋರಿಸುತ್ತವೆ. ಆ ಗುಬ್ಬಿಯಿಂದ ಈ ಗೆರೆಯವರೆಗೆ ದರ್ಜಿಯ ಟೇಪು ಹಿಡಿಯಲು ಮನೆಯವರಿಗೆ ಹೇಳಿ. ಹೆಚ್ಚಿನ ವಯಸ್ಕರಲ್ಲಿ ಅದು 40ರಿಂದ 53 ಸೆಂಟಿಮೀಟರ್ ನಡುವೆ ಬರುತ್ತದೆ. ಹೆಗಲ ಪಟ್ಟಿ ಹುಟ್ಟುವ ಜಾಗದಿಂದ ಸೊಂಟದ ಪಟ್ಟಿಯ ನಡುವಿನವರೆಗೆ ಚೀಲದಲ್ಲೂ ಅಷ್ಟೇ ಅಂತರ ಇದೆಯೇ ನೋಡಿ.

ತಲೆಹೊರೆಯ ಅಜ್ಜಿಯನ್ನು ನಾನು ಮರೆತಿಲ್ಲ. ದೀಪಾವಳಿಯ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಹಾಲರವಿ ಉತ್ಸವ ನಡೆಯುತ್ತದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ತುಂಬಿದ ಕಲಶಗಳನ್ನು ತಲೆಯ ಮೇಲಿಟ್ಟು ಕಲ್ಲುಮುಳ್ಳಿನ ದಾರಿಯಲ್ಲಿ ದೇವಸ್ಥಾನಕ್ಕೆ ತರುತ್ತಾರೆ. ಆ ಪುಟ್ಟ ದೇಹಗಳ ನಡಿಗೆಯಲ್ಲಿ ವಿಜ್ಞಾನಿಗಳು ದಶಕಗಟ್ಟಲೆ ಬೆನ್ನತ್ತಿದ ಒಂದು ಗುಟ್ಟಿದೆ. ಕೆನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ತೂಕದ ಐದನೇ ಒಂದು ಪಾಲಿನಷ್ಟು ಭಾರವನ್ನು, ಬರಿಗೈಯಲ್ಲಿ ನಡೆಯುವುದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗದಂತೆ ಹೊರಬಲ್ಲರು ಎಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಡೆಯುವಾಗ ನಮ್ಮ ದೇಹ ಪ್ರತಿ ಹೆಜ್ಜೆಗೂ ಏರಿ ಇಳಿಯುತ್ತದೆ. ಇಳಿದಾಗಿನ ಶಕ್ತಿಯಲ್ಲಿ ಒಂದಷ್ಟು ಮುಂದಿನ ಹೆಜ್ಜೆಗೆ ಒದಗುತ್ತದೆ, ಉಳಿದದ್ದು ಪೋಲು. ಭಾರ ಹೊತ್ತಾಗ ಆ ಹೆಂಗಸರ ನಡಿಗೆಯಲ್ಲಿ ಪೋಲು ಕಡಿಮೆಯಾಗುತ್ತಿತ್ತು. 2005ರಲ್ಲಿ ‘ಸೈನ್ಸ್’ ಪತ್ರಿಕೆ ನೇಪಾಳದ ಹಮಾಲರ ಅಧ್ಯಯನ ಪ್ರಕಟಿಸಿತು. ಹಣೆಗೆ ಪಟ್ಟಿ ಕಟ್ಟಿ ಬುಟ್ಟಿ ಹೊರುವ ಆ ಗಂಡಸರು ಸರಾಸರಿ ತಮ್ಮ ತೂಕದ ಶೇಕಡಾ 93ರಷ್ಟು ಭಾರ ಹೊತ್ತಿದ್ದರು.

ಇದನ್ನು ಓದಿ ಬೆಂಗಳೂರಿನವರು ತಲೆಗೆ ಗಂಟು ಏರಿಸಬೇಕೆಂದಲ್ಲ. ಅದು ಚಿಕ್ಕಂದಿನಿಂದ ಕಲಿತ ದೇಹದ ವಿದ್ಯೆ. ಕಲಿಯದವರ ಕುತ್ತಿಗೆಗೆ ಕೇಡು. ಆದರೆ ತಲೆಹೊರೆ ಒಂದು ನಿಯಮವನ್ನು ಸ್ಪಷ್ಟವಾಗಿ ತೋರಿಸುತ್ತದೆ: ಭಾರ ಪಾದಗಳ ನೇರಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಬೆನ್ನುಚೀಲಕ್ಕೂ ಈ ನಿಯಮವೇ. 60 ಕಿಲೋ ತೂಕದವರು 8 ಕಿಲೋ ಚೀಲ ಹಾಕಿಕೊಂಡಾಗ, ಚೀಲದ ಗುರುತ್ವ ಕೇಂದ್ರ ದೇಹದ ನಡುಗೆರೆಯಿಂದ 25 ಸೆಂಟಿಮೀಟರ್ ಹಿಂದಿದ್ದರೆ ಒಟ್ಟು ಗುರುತ್ವ ಕೇಂದ್ರ ಸುಮಾರು 3 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಮೈ ಮುಂದೆ ಬಾಗುತ್ತದೆ, ಮೈ ಬಾಗಿದಾಗ ದಾರಿ ನೋಡಲು ಕತ್ತು ಮೇಲೆತ್ತಬೇಕಾಗುತ್ತದೆ. ಸಂಜೆ ಕತ್ತು ಹಿಡಿದುಕೊಳ್ಳುವುದು ಇದರಿಂದ. ಅದೇ ಭಾರ ಬೆನ್ನಿಗೆ ಅಂಟಿಕೊಂಡು 15 ಸೆಂಟಿಮೀಟರ್ ಹಿಂದಿದ್ದರೆ ಸರಿಯುವುದು 2 ಸೆಂಟಿಮೀಟರಿಗಿಂತ ಕಡಿಮೆ. ಹಾಗಾಗಿ ಹಿಂದಕ್ಕೆ ಹೊಟ್ಟೆಯಂತೆ ಊದಿಕೊಳ್ಳುವ ಚೀಲಕ್ಕಿಂತ ಚಪ್ಪಟೆಯಾಗಿ ನಿಲ್ಲುವ, ಪಕ್ಕದಲ್ಲಿ ಬಿಗಿಯುವ ಪಟ್ಟಿಗಳಿರುವ ಚೀಲ ಉತ್ತಮ. ನೀರು, ಪವರ್ ಬ್ಯಾಂಕು, ಬುತ್ತಿಯಂಥ ತೂಕದವು ಬೆನ್ನಿಗೆ ತಾಗಿ ನಡುಮಟ್ಟದಲ್ಲಿರಲಿ. ಬಟ್ಟೆ ಹೊರಗಡೆಗೆ, ಹೊದಿಕೆ ತಳಕ್ಕೆ.

ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯಾಡಲು ಜಾಲರಿ ಇರುವ ಚೀಲಗಳನ್ನು ಈಗ ಹೆಚ್ಚಾಗಿ ಮಾರುತ್ತಾರೆ. ಹನೂರಿನ ಬಿಸಿಲಿಗೆ ಅದು ಹಿತವೇ. ಬೆವರು ಆರಿದರೆ ತಾನೇ ಮೈ ತಣಿಯುವುದು? ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಬೆನ್ನಿಗೆ ಅಂಟಿದ ಚೀಲದಡಿ ಅದು ಆವಿಯಾಗದೆ ಬರೀ ತೊಟ್ಟಿಕ್ಕುತ್ತದೆ. ಆದರೆ ಜಾಲರಿಯ ತೆರವು ದೊಡ್ಡದಾದಷ್ಟೂ ಭಾರ ಹಿಂದಕ್ಕೆ ಸರಿಯುತ್ತದೆ. ಎರಡು ಬೆರಳಗಲ ಸಾಕು.

ಇನ್ನು ಬಟ್ಟೆ. ಕೊಳ್ಳೇಗಾಲದವರಿಗೆ ಈ ಪಾಠ ಮನೆಯದೇ. ಚೀಲದ ಚೀಟಿಯ ಮೇಲೆ 210 ಡಿ, 420 ಡಿ, 600 ಡಿ ಎಂದು ಬರೆದಿರುತ್ತದಲ್ಲ, ಆ ‘ಡಿ’ ಎಂದರೆ ಡೆನಿಯರ್. ಹುಟ್ಟಿದ್ದು ರೇಷ್ಮೆ ವ್ಯಾಪಾರದಲ್ಲಿ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ರೇಷ್ಮೆ ಗೂಡಿನಿಂದ ಬರುವ ಒಂಟಿ ಎಳೆ 2ರಿಂದ 3 ಡೆನಿಯರ್ ಇರುತ್ತದೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಬಿಚ್ಚಿದ ಕಚ್ಚಾ ರೇಷ್ಮೆ ಸಾಮಾನ್ಯವಾಗಿ 20–22. ಯಳಂದೂರು, ಕೊಳ್ಳೇಗಾಲದ ಹೊಲಗಳ ಹಿಪ್ಪುನೇರಳೆ ಸೊಪ್ಪು ತಿಂದು ಹುಳು ನೂಲುವ ಎಳೆಯನ್ನು ಅಳೆಯುವ ಮಾನವೇ ಇವತ್ತು ನಮ್ಮ ಬೆನ್ನಮೇಲಿನ ಚೀಲವನ್ನೂ ಅಳೆಯುತ್ತದೆ. ನಂಟು ಅಲ್ಲಿಗೇ ಮುಗಿಯುವುದಿಲ್ಲ. ಚೀಲದ ಬಟ್ಟೆಯಾದ ನೈಲಾನ್ ಹುಟ್ಟಿದ್ದು 1935ರಲ್ಲಿ, ಡ್ಯುಪಾಂಟ್ ಕಂಪನಿಯ ವಾಲೇಸ್ ಕೆರೋಥರ್ಸ್ ಅವರ ಪ್ರಯೋಗಾಲಯದಲ್ಲಿ. ಮೊದಲು ಅದು ಹೆಂಗಸರ ಕಾಲುಚೀಲದಲ್ಲಿ ರೇಷ್ಮೆಯ ಜಾಗ ಹಿಡಿಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಸಿಗದಾದಾಗ ಅಮೆರಿಕದ ಪ್ಯಾರಾಚೂಟ್‌ಗಳಿಗೆ ಬಂತು. ಯುದ್ಧ ಮುಗಿದ ಮೇಲೆ ಬೆನ್ನುಚೀಲಕ್ಕೆ ಇಳಿಯಿತು.

ಡೆನಿಯರ್ ಹೆಚ್ಚಿದ್ದರೆ ಚೀಲ ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ಸತ್ಯ. ಡೆನಿಯರ್ ಹೇಳುವುದು ಎಳೆಯ ದಪ್ಪವನ್ನು ಮಾತ್ರ. ಎಳೆ ಯಾವ ವಸ್ತುವಿನದು, ಹಾಸು ಹೊಕ್ಕು ಎಷ್ಟು ಒತ್ತಾಗಿವೆ ಎಂಬುದನ್ನು ಅದು ಹೇಳುವುದಿಲ್ಲ. ಒಳ್ಳೆಯ 420 ಡೆನಿಯರ್ ನೈಲಾನ್ ಉಜ್ಜಾಟದಲ್ಲಿ ಸಾಧಾರಣ 600 ಡೆನಿಯರ್ ಪಾಲಿಯೆಸ್ಟರ್‌ಗಿಂತ ಹೆಚ್ಚು ಬಾಳಬಹುದು. ಪಾಲಿಯೆಸ್ಟರ್‌ಗೂ ಅದರದೇ ಗುಣವಿದೆ: ನೀರು ಹೀರುವುದು ತೀರಾ ಕಡಿಮೆ, ಬಿಸಿಲಿಗೆ ಬೇಗ ಸೋಲುವುದಿಲ್ಲ, ಬೆಲೆಯೂ ಕಡಿಮೆ. ಬಸ್ಸಿನಲ್ಲಿ ತಿರುಗುವವರಿಗೆ 600 ಡೆನಿಯರ್ ಪಾಲಿಯೆಸ್ಟರ್ ಧಾರಾಳವಾಗಿ ಸಾಕು. ಬಟ್ಟೆಯ ಮೇಲೆ ಸಣ್ಣ ಚೌಕಗಳ ಗೆರೆ ಕಂಡರೆ, ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದಿದ್ದಾರೆ ಎಂದರ್ಥ. ಮುಳ್ಳು ತಾಗಿ ಹರಿದರೂ ಹರಕು ಆ ಚೌಕದ ಗೆರೆಗೆ ಬಂದು ನಿಲ್ಲುತ್ತದೆ. ಲಂಟಾನದ ಪೊದೆಗಳು ಮುತ್ತಿರುವ ಬಿಳಿಗಿರಿಯ ಆಸುಪಾಸಿನಲ್ಲಿ ಇದು ಉಪಯೋಗದ ಗುಣ.

ಚೀಲ ಹೆಚ್ಚಾಗಿ ಹಾಳಾಗುವುದು ಬಟ್ಟೆ ಹರಿದಲ್ಲ, ಹೊಲಿಗೆ ಬಿಟ್ಟು. ಬಸ್ಸಿನಿಂದ ಧುಮುಕಿದಾಗ, ಮೆಟ್ಟಿಲಿಳಿಯುವಾಗ, ಒಂದು ಪಟ್ಟಿ ಹಿಡಿದು ಜಗ್ಗಿದಾಗ, 8 ಕಿಲೋ ಚೀಲ ಆ ಕ್ಷಣಕ್ಕೆ ಎರಡು ಪಟ್ಟು ಭಾರವಾಗಿ ಎಳೆಯುತ್ತದೆ. ಆ ಎಳೆತವೆಲ್ಲ ಹೆಗಲ ಪಟ್ಟಿ ಚೀಲಕ್ಕೆ ಸೇರುವ ಎರಡಂಗುಲ ಜಾಗದ್ದು. ಅಲ್ಲಿ ದಾರ ಹಿಂದೆ ಮುಂದೆ ಒತ್ತಾಗಿ ಓಡಿ ಗಟ್ಟಿ ಪಟ್ಟೆಯಂತೆ ಕೂತಿದೆಯೇ ಎಂದು ಒಳಗಿನಿಂದಲೂ ನೋಡಿ. ಜಿಪ್ಪಿನ ತಲೆಯ ಹಿಂಬದಿಯಲ್ಲಿ ಒಂದು ಅಂಕಿ ಇರುತ್ತದೆ. ಮುಚ್ಚಿದ ಹಲ್ಲುಗಳ ಅಗಲ ಮಿಲಿಮೀಟರಿನಲ್ಲಿ ಸರಿಸುಮಾರು ಅಷ್ಟು. ಮುಖ್ಯ ಬಾಯಿಗೆ 8 ಅಥವಾ 10 ಇದ್ದರೆ ನೆಮ್ಮದಿ. ಹೊಲಿಗೆ ಬಿಟ್ಟರೆ ಚೀಲ ಎಸೆಯಬೇಡಿ. ಚಪ್ಪಲಿ ಹೊಲಿಯುವವರ ಸೂಜಿ ದಾರ ಕಾರ್ಖಾನೆಯ ಹೊಲಿಗೆಗಿಂತ ಗಟ್ಟಿ ಕೂರುತ್ತದೆ, ಖರ್ಚೂ ಅಲ್ಪ.

ಮಳೆಯ ವಿಷಯದಲ್ಲಿ ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನು ನಂಬಬೇಡಿ. ಬಟ್ಟೆಯ ಒಳಬದಿಗೆ ಪಾಲಿಯುರೆಥೇನ್ ಲೇಪ ಹಾಕಿರುತ್ತಾರೆ, ಅದು ನೀರು ತಡೆಯುತ್ತದೆ. ಆದರೆ ಹೊಲಿಗೆಯ ಪ್ರತಿ ಸೂಜಿ ತೂತೂ ಒಂದು ಬಾಗಿಲು. ಆ ಲೇಪವಾದರೂ ಶಾಶ್ವತವಲ್ಲ. ಗಾಳಿಯ ತೇವ ವರ್ಷಗಟ್ಟಲೆ ಅದರ ಅಣುಸರಪಣಿಯನ್ನು ಕತ್ತರಿಸುತ್ತಾ ಹೋಗುತ್ತದೆ. ಅಟ್ಟದ ಮೇಲಿಟ್ಟ ಹಳೇ ಚೀಲದ ಒಳಗೆ ಅಂಟಂಟಾಗಿ ಪುಡಿ ಉದುರುವುದು ಇದರಿಂದ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆ ಇಡುವುದೇ ಅಗ್ಗದ, ಖಚಿತವಾದ ಉಪಾಯ. ಆ ಪ್ಲಾಸ್ಟಿಕ್ ನಿಮ್ಮೊಡನೆ ವಾಪಸು ಬರಬೇಕು, ಕಾಡಿನಲ್ಲಿ ಉಳಿಯಬಾರದು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ 2013ರಿಂದ ವನ್ಯಧಾಮ.

ಕನಕಪುರದ ಕಡೆಯಿಂದ ಬರುವ ಪರಸೆಯವರು ಸಂಗಮದ ಬಳಿ ಕಾವೇರಿ ದಾಟಿ ಹನೂರು ತಾಲ್ಲೂಕಿನ ಕಾಡುದಾರಿ ಹಿಡಿಯುತ್ತಾರೆ. ಅವರಿಗೊಂದು ಮಾತು: ನೀರಿಗೆ ಇಳಿಯುವ ಮುನ್ನ ಎದೆಯ ಮತ್ತು ಸೊಂಟದ ಬಕಲ್ ಎರಡನ್ನೂ ಬಿಚ್ಚಿಕೊಳ್ಳಿ. ಕಾಲು ಜಾರಿದರೆ ಚೀಲವನ್ನು ಆ ಕ್ಷಣವೇ ಕಳಚಿ ಬಿಡಬೇಕು. ಬಿಗಿದ ಚೀಲ ಮುಖವನ್ನು ನೀರಿನೊಳಗೆ ಅದುಮಿ ಹಿಡಿಯುತ್ತದೆ. ನದಿಯಲ್ಲಿ ನೀರು ಹೆಚ್ಚಿದ್ದರೆ ದಾಟಲೇಬೇಡಿ.

ಕೊನೆಗೆ ಗಾತ್ರ. ಭರಚುಕ್ಕಿ ನೋಡಿ, ಯಳಂದೂರಿಗೆ ಬಂದು ಬಳೆಮಂಟಪದ ಕಲ್ಲಿನ ಬಳೆಗಳಿಗೆ ಬೆರಗಾಗಿ, ಬಿಳಿಗಿರಿ ಹತ್ತಿ, ಹನೂರಿನ ಮೇಲೆ ಮಾದಪ್ಪನ ಬೆಟ್ಟ ಸೇರುವ ನಾಲ್ಕು ದಿನದ ತಿರುಗಾಟಕ್ಕೆ 30ರಿಂದ 35 ಲೀಟರ್ ಸಾಕು. ಅದಕ್ಕಿಂತ ದೊಡ್ಡದು ಕೊಂಡರೆ ಖಾಲಿ ಜಾಗ ನಿಮ್ಮ ಕೈಯಿಂದಲೇ ತುಂಬಿಸಿಕೊಳ್ಳುತ್ತದೆ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಮಕ್ಕಳಿಗೆ ದೇಹದ ತೂಕದ ಹತ್ತನೇ ಒಂದು ಪಾಲನ್ನು ಮಿತಿಯಾಗಿ ಇಟ್ಟಿತು. ದಿನವಿಡೀ ನಡೆಯುವ ದೊಡ್ಡವರಿಗೂ ಅದಕ್ಕೆ ಹತ್ತಿರ ಇರುವುದೇ ಕ್ಷೇಮ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಪರಸೆಯ ಕಾಲದಲ್ಲಿ ದಾರಿಯುದ್ದ ನೀರು, ಮಜ್ಜಿಗೆ, ಪಾನಕ ಹಂಚುವವರು ನಿಂತಿರುತ್ತಾರೆ, ಬೆಟ್ಟದಲ್ಲಿ ದಾಸೋಹವಿದೆ. ಆ ನೆರವನ್ನು ನಂಬಿ ಚೀಲ ಹಗುರ ಮಾಡಿಕೊಳ್ಳಬಹುದು. ಜನ ವಿರಳವಾದ ದಿನಗಳಲ್ಲಿ, ಬೆಟ್ಟದಾಚೆಯ ನಾಗಮಲೆಯಂಥ ದಾರಿಯಲ್ಲಿ, ಹಾಗೆ ಮಾಡಬಾರದು. ವಾಪಸು ಬರುವಾಗ ಪ್ರಸಾದದ ಲಾಡುವಿಗೂ ಜಾಗ ಬೇಕೆಂಬುದು ನೆನಪಿರಲಿ.

ಕೊಳ್ಳಲು ಹೋಗುವಾಗ 5 ಕಿಲೋ ಅಕ್ಕಿಯ ಪೊಟ್ಟಣ ಒಯ್ಯಿರಿ. ಚೀಲಕ್ಕೆ ತುಂಬಿ, ಬೆನ್ನಿಗೆ ಹಾಕಿ, ಮೊದಲು ಸೊಂಟದ ಪಟ್ಟಿ ಬಿಗಿಯಿರಿ, ಆಮೇಲೆ ಹೆಗಲ ಪಟ್ಟಿಯನ್ನು ಸಡಿಲ ಬಿಟ್ಟು ಅಂಗಡಿಯೊಳಗೆ ಹತ್ತು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿಳಿಯಿರಿ. ಹೆಗಲ ಪಟ್ಟಿ ಸಡಿಲವಿದ್ದಾಗಲೂ ಚೀಲ ಸೊಂಟದ ಮೇಲೆ ಜಾರದೆ ನಿಂತರೆ ಬೆಲೆ ಕೇಳಿ. ಜಾರಿದರೆ ಯಾವ ಕಂಪನಿಯದಾದರೂ, ಎಷ್ಟು ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.